ಎದೆಗೆ ತಟ್ಟುವ ಸಂಗೀತ, ಕಿವಿಗೆ ಬೇಕು ಕಾವಲು

ಮಕ್ಕಳೇ, ಊರ ಜಾತ್ರೆಯಲ್ಲಿ ಡೊಳ್ಳು ಬಾರಿಸುವವರ ಪಕ್ಕದಲ್ಲೇ ನಿಂತಿದ್ದೀರಾ? ಪ್ರತಿ ಪೆಟ್ಟಿಗೂ ಎದೆಯೊಳಗೆ 'ಧಂ' ಎಂದಂತಾಗುತ್ತದೆ. ಶಬ್ದವನ್ನು ಕಿವಿಯಿಂದ ಮಾತ್ರವಲ್ಲ, ಮೈಯಿಂದಲೂ ಕೇಳಿದಂತೆ ಅನಿಸುತ್ತದೆ, ಅಲ್ಲವೇ?

2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಾವಿರಾರು ಜನ ಸೇರಿದ್ದರು. ಅಂದು ಅಲ್ಲಿ ಹಾಡಿದ್ದು ಇಂಗ್ಲೆಂಡಿನ 'ಐರನ್ ಮೇಡನ್' ತಂಡ. 1975ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಈ ತಂಡದ್ದು 'ಹೆವಿ ಮೆಟಲ್' ಎಂಬ ಬಗೆಯ ಸಂಗೀತ. ಕ್ಯಾಸೆಟ್ಟು, ಸಿ.ಡಿ.ಗಳಲ್ಲಿ ಮಾತ್ರ ಕೇಳಿದ್ದ ತಂಡವನ್ನು ಅಭಿಮಾನಿಗಳು ಅಂದು ಕಣ್ಣಾರೆ ಕಂಡರು. ಅಮೆರಿಕದ 'ಮೆಟಾಲಿಕಾ' ತಂಡವೂ 2011ರ ಅಕ್ಟೋಬರ್ 30ರಂದು ಇದೇ ಮೈದಾನದಲ್ಲಿ ಕಾರ್ಯಕ್ರಮ ನೀಡಿತು.

ಮನೆಯಲ್ಲಿ ಕೇಳಿದ ಹಾಡೇ ಮೈದಾನದಲ್ಲಿ ಎದೆ ನಡುಗಿಸುವುದು ಹೇಗೆ? ಮರುದಿನ ಕಿವಿಯಲ್ಲಿ 'ಗುಂಯ್' ಎನ್ನುವುದೇಕೆ? ಬನ್ನಿ, ತಿಳಿಯೋಣ.

ತಂತಿಯಿಂದ ಸ್ಪೀಕರಿಗೆ

ವೀಣೆಗೆ ಟೊಳ್ಳಾದ ಕೊಡವಿದೆ. ತಂತಿಯ ಸಣ್ಣ ಕಂಪನವನ್ನು ಅದು ಗಟ್ಟಿಯಾಗಿ ಕೇಳಿಸುತ್ತದೆ. ಹೆವಿ ಮೆಟಲ್ ತಂಡಗಳು ಬಳಸುವ ವಿದ್ಯುತ್ ಗಿಟಾರ್ ಸಾಮಾನ್ಯವಾಗಿ ಗಟ್ಟಿ ಮರದ ಹಲಗೆ. ಹಾಗೆಯೇ ಮೀಟಿದರೆ ಪಕ್ಕದವರಿಗೂ ಸರಿಯಾಗಿ ಕೇಳಿಸದು! ಅದರ ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತ, ಅದರ ಸುತ್ತ ತೆಳುವಾದ ತಾಮ್ರದ ತಂತಿಯ ಸುರುಳಿ ಇರುತ್ತವೆ. ಮೇಲಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ಬಹಳ ಕಡಿಮೆ ಪ್ರಮಾಣದ ವಿದ್ಯುತ್ ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ಸ್ಪೀಕರ್ ಆ ವಿದ್ಯುತ್ತನ್ನು ಮತ್ತೆ ಕಂಪನವಾಗಿಸಿ ಗಾಳಿಯನ್ನು ತಳ್ಳುತ್ತದೆ.

ಹೆವಿ ಮೆಟಲ್ ವಾದಕರು ಇಲ್ಲೊಂದು ಉಪಾಯ ಮಾಡುತ್ತಾರೆ. ಆಂಪ್ಲಿಫೈಯರಿನ ಮಿತಿಯನ್ನು ಬೇಕೆಂದೇ ಮೀರುತ್ತಾರೆ. ಆಗ ಶಬ್ದದ ಅಲೆಗಳ ತುದಿಗಳು ಕತ್ತರಿಸಿದಂತಾಗಿ ಸ್ವರ ಒರಟಾಗುತ್ತದೆ. ಆ ಗುರುಗುಟ್ಟುವ ದನಿಯೇ ಈ ಸಂಗೀತದ ಗುರುತು.

ತಗ್ಗು ಸ್ವರದ ಗುಟ್ಟು

ಬೇಸ್ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಇಂತಹ ತಗ್ಗು ಸ್ವರವನ್ನು ಗಟ್ಟಿಯಾಗಿ ಕೇಳಿಸಲು ದೊಡ್ಡ ಸ್ಪೀಕರುಗಳು ಬಹಳಷ್ಟು ಗಾಳಿಯನ್ನು ಹಿಂದೆ ಮುಂದೆ ತಳ್ಳಬೇಕು. ಆ ಅಲೆಗಳು ನಮ್ಮ ಎದೆಗೂ ಬಡಿಯುತ್ತವೆ. ಮನೆಯ ಚಿಕ್ಕ ಸ್ಪೀಕರಿಗೆ ಅಷ್ಟು ಶಕ್ತಿಯಿಲ್ಲ.

ಈ ತಗ್ಗು ಸ್ವರದ ಹಿಂದೆ ಒಂದು ಕಥೆಯಿದೆ. ಹೆವಿ ಮೆಟಲ್ ಸಂಗೀತಕ್ಕೆ ಬುನಾದಿ ಹಾಕಿದ ತಂಡಗಳಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ 'ಬ್ಲ್ಯಾಕ್ ಸಬಾತ್' ಮುಖ್ಯವಾದುದು. ಅದರ ಗಿಟಾರ್ ವಾದಕ ಟೋನಿ ಅಯೋಮಿ ಹದಿಹರೆಯದಲ್ಲಿ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡರು. ಎಡಗೈಯಲ್ಲಿ ಮೀಟುತ್ತಿದ್ದ ಅವರಿಗೆ ತಂತಿ ಒತ್ತಲು ಬೇಕಾದದ್ದು ಆ ಬೆರಳುಗಳೇ! ಅವರು ಸೋಲಲಿಲ್ಲ. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡರು. ಮುಂದೆ ತಂತಿಗಳನ್ನೂ ಸಡಿಲಿಸಿದರು. ತಂತಿ ಸಡಿಲವಾದರೆ ಒತ್ತುವುದು ಸುಲಭ, ಸ್ವರವೂ ತಗ್ಗು. ಆ ಗಂಭೀರ ಸ್ವರ ಜನರಿಗೆ ಹಿಡಿಸಿತು.

ಮೊದಲು ಕಂಡು ನಂತರ ಕೇಳುವುದು

ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಆದ್ದರಿಂದ ವೇದಿಕೆಯಿಂದ 170 ಮೀಟರ್ ದೂರ ನಿಂತವರಿಗೆ ಡ್ರಮ್ಮಿನ ಮೇಲೆ ಕೋಲು ಬಿದ್ದದ್ದು ಕಂಡ ಅರ್ಧ ಸೆಕೆಂಡಿನ ನಂತರ ಅದರ ಸದ್ದು ತಲುಪುತ್ತದೆ. ದೊಡ್ಡ ಮೈದಾನಗಳ ನಡುವೆಯೂ ಸ್ಪೀಕರುಗಳನ್ನು ನಿಲ್ಲಿಸುತ್ತಾರೆ. ವೇದಿಕೆಯ ಶಬ್ದ ಅಲ್ಲಿಗೆ ಬರುವ ಹೊತ್ತಿಗೆ ಸರಿಯಾಗಿ ಅವು ನುಡಿಯುವಂತೆ ತಂತ್ರಜ್ಞರು ತಡ ಮಾಡಿ ಶಬ್ದ ಕಳಿಸುತ್ತಾರೆ. ಇಲ್ಲದಿದ್ದರೆ ಒಂದೇ ಹಾಡು ಎರಡೆರಡು ಬಾರಿ ಕೇಳಿಸುತ್ತಿತ್ತು.

ಕಿವಿಯೊಳಗಿನ ಪೈರು

ಹೊರಗಿನ ಶಬ್ದ ಕಿವಿಯ ತಮಟೆಯನ್ನು ಅಲುಗಾಡಿಸುತ್ತದೆ. ಆ ಕಂಪನ ಮೂರು ಪುಟ್ಟ ಮೂಳೆಗಳ ಮೂಲಕ ಒಳಕಿವಿ ಸೇರುತ್ತದೆ. ಅಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಭಾಗವೊಂದಿದೆ. ಅದರಲ್ಲಿ ಸುಮಾರು 15,000 ರೋಮಕೋಶಗಳಿವೆ. ಅವುಗಳ ನವಿರಾದ ಕೂದಲುಗಳು ಬಾಗಿದಾಗ ಮೆದುಳಿಗೆ ಸುದ್ದಿ ಹೋಗುತ್ತದೆ.

ಗದ್ದೆಯ ಪೈರನ್ನು ನೆನೆಯಿರಿ. ಗಾಳಿ ಬೀಸಿದರೆ ಬಾಗಿ ಮತ್ತೆ ನಿಲ್ಲುತ್ತದೆ. ಬಿರುಗಾಳಿ ಹೊಡೆದರೆ ಮಲಗಿಬಿಡುತ್ತದೆ. ಗಟ್ಟಿ ಶಬ್ದದಿಂದ ರೋಮಕೋಶಗಳಿಗೂ ಹೀಗೆಯೇ ಪೆಟ್ಟಾಗುತ್ತದೆ. ಕಾರ್ಯಕ್ರಮದ ನಂತರ ಕಿವಿ ಮಂಕಾಗುವುದು, 'ಗುಂಯ್' ಎನ್ನುವುದು ಅದರ ಸೂಚನೆ. ಹೆಚ್ಚಾಗಿ ಇದು ಒಂದೆರಡು ದಿನದಲ್ಲಿ ಕಡಿಮೆಯಾಗುತ್ತದೆ. ಪದೇ ಪದೇ ಹೀಗಾದರೆ ಕೋಶಗಳು ಸಾಯುತ್ತವೆ. ಪಕ್ಷಿಗಳಲ್ಲಿ ಅವು ಮತ್ತೆ ಬೆಳೆಯುತ್ತವೆ, ಮನುಷ್ಯರಲ್ಲಿ ಬೆಳೆಯುವುದಿಲ್ಲ. ಹೋದ ಕೋಶ ಹೋದಂತೆಯೇ. ಮೆಟಾಲಿಕಾದ ಡ್ರಮ್ ವಾದಕ ಲಾರ್ಸ್ ಉಲ್ರಿಕ್ ಅವರನ್ನೂ ಕಿವಿಯ ಈ ಗುಂಯ್‌ಗುಡುವಿಕೆ ಕಾಡಿದೆ.

ಎಷ್ಟು ಗಟ್ಟಿ? ಎಷ್ಟು ಹೊತ್ತು?

ಶಬ್ದದ ಮಟ್ಟವನ್ನು ಡೆಸಿಬೆಲ್‌ಗಳಲ್ಲಿ ಅಳೆಯುತ್ತಾರೆ. ನಮ್ಮ ಮಾತು ಸುಮಾರು 60 ಡೆಸಿಬೆಲ್. 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೇಳಬಾರದು ಎನ್ನುತ್ತಾರೆ ತಜ್ಞರು. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗಲೂ ಶಬ್ದದ ಶಕ್ತಿ ಎರಡು ಪಟ್ಟಾಗುತ್ತದೆ, ಕೇಳಬಹುದಾದ ಹೊತ್ತು ಅರ್ಧವಾಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಹೀಗೆ ಲೆಕ್ಕ ಹಾಕುತ್ತ ಹೋದರೆ 100 ಡೆಸಿಬೆಲ್‌ಗೆ ಎಷ್ಟು? ಕೇವಲ 15 ನಿಮಿಷ! ಹೆವಿ ಮೆಟಲ್ ಕಾರ್ಯಕ್ರಮಗಳಲ್ಲಿ ಶಬ್ದ 100 ಡೆಸಿಬೆಲ್ ದಾಟುವುದುಂಟು. ಕಾರ್ಯಕ್ರಮವೋ ಎರಡು ಗಂಟೆ ನಡೆಯುತ್ತದೆ.

ಹಾಗಾದರೆ ಹೋಗಲೇಬಾರದೇ? ಹಾಗೇನಿಲ್ಲ. ಕಿವಿಗೆ ಮೆತ್ತನೆಯ 'ಇಯರ್ ಪ್ಲಗ್' ಸರಿಯಾಗಿ ಹಾಕಿಕೊಂಡರೆ ಶಬ್ದ 15ರಿಂದ 20 ಡೆಸಿಬೆಲ್‌ನಷ್ಟು ಇಳಿಯುತ್ತದೆ. ಅನೇಕ ಸಂಗೀತಗಾರರೇ ಇದನ್ನು ಬಳಸುತ್ತಾರೆ. ಸ್ಪೀಕರಿನಿಂದ ದೂರ ನಿಲ್ಲುವುದು, ನಡುನಡುವೆ ಹೊರಗೆ ಬಂದು ಕಿವಿಗೆ ವಿಶ್ರಾಂತಿ ಕೊಡುವುದೂ ಒಳ್ಳೆಯದು. ಇಂತಹ ಸ್ಥಳಗಳಲ್ಲಿ ಶಬ್ದದ ಸರಾಸರಿ ಮಟ್ಟ 100 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸೂಚಿಸಿದೆ.

ನಮ್ಮ ಊರಿನ ಜಾತ್ರೆ, ಮೆರವಣಿಗೆಗಳ ಧ್ವನಿವರ್ಧಕಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ. ಪಕ್ಕದಲ್ಲಿರುವವರೊಡನೆ ಮಾತನಾಡಲು ಕೂಗಬೇಕಾದರೆ ಶಬ್ದ ಅತಿಯಾಗಿದೆ ಎಂದೇ ತಿಳಿಯಿರಿ. ತಮ್ಮ, ತಂಗಿಯರ ಕೈ ಹಿಡಿದು ದೂರ ಸರಿಯಿರಿ. ಇಷ್ಟದ ಹಾಡನ್ನು ಮುಪ್ಪಿನಲ್ಲೂ ಕೇಳಬೇಕಲ್ಲವೇ?

ಮಾಡಿ ನೋಡಿ: ಒಂದು ಬಟ್ಟಲಿನ ಬಾಯಿಗೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಕಟ್ಟಿ. ಮೇಲೆ ನಾಲ್ಕಾರು ರಾಗಿ ಕಾಳು ಹಾಕಿ. ಬಟ್ಟಲಿಗೆ ತಾಗದಂತೆ ಹತ್ತಿರದಲ್ಲಿ ತಟ್ಟೆಯೊಂದನ್ನು ಹಿಡಿದು ಬಡಿಯಿರಿ. ಕಾಳು ಕುಣಿಯುತ್ತವೆಯೇ? ದೂರ ಹೋಗಿ ಬಡಿದರೆ ಏನಾಗುತ್ತದೆ? ನಿಮ್ಮ ಕಿವಿಯ ತಮಟೆಯೂ ಆ ಹಾಳೆಯಂತೆಯೇ ಕಂಪಿಸುತ್ತದೆ.