ಅರ್ಥಶಾಸ್ತ್ರದ ಜೊತೆಗೊಂದು ಭಾಷೆ

ಕಳೆದ ವಾರ ನೆರೆಮನೆಯ ವಿದ್ಯಾರ್ಥಿನಿಯೊಬ್ಬಳು ಸಲಹೆ ಕೇಳಲು ತಂದೆಯೊಡನೆ ಬಂದಿದ್ದಳು. ಪದವಿಯಲ್ಲಿ ಅರ್ಥಶಾಸ್ತ್ರದೊಡನೆ ಜಪಾನಿ ಭಾಷೆಯನ್ನೂ ಓದಬೇಕೆಂಬುದು ಅವಳ ಆಸೆ. ‘ಎರಡು ದೋಣಿಯಲ್ಲಿ ಕಾಲಿಡುವುದೇಕೆ, ಸಂಖ್ಯಾಶಾಸ್ತ್ರ ಓದಲಿ’ ಎಂಬುದು ತಂದೆಯ ವಾದ. ನಾನು ಮಗಳ ಪಕ್ಷ ವಹಿಸಿದೆ. ಅದಕ್ಕೆ ಕಾರಣ ನನ್ನದೇ ಒಂದು ಹಳೆಯ ತಪ್ಪು.

ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ ಸರ್ಕಾರಿ ಸೇವೆಗೆ ಸೇರಿದ ನಾನು, ತೊಂಬತ್ತರ ದಶಕದಲ್ಲಿ ಯೋಜನೆಯೊಂದಕ್ಕೆ ಸಾಲ ಕೋರಿ ಜಪಾನಿನ ನಿಯೋಗವೊಂದರೊಡನೆ ಮಾತುಕತೆಗೆ ಕುಳಿತಿದ್ದೆ. ಬಡ್ಡಿ, ಮರುಪಾವತಿಯ ಅವಧಿ, ವಿನಿಮಯ ದರದ ಅಪಾಯ ಎಲ್ಲವನ್ನೂ ಲೆಕ್ಕ ಹಾಕಿಯೇ ಹೋಗಿದ್ದೆ. 1985ರ ಪ್ಲಾಜಾ ಒಪ್ಪಂದದ ವೇಳೆಗೆ ಡಾಲರಿಗೆ ಸುಮಾರು 240 ಯೆನ್ ಇದ್ದದ್ದು 1987ರ ಅಂತ್ಯಕ್ಕೆ 120ರ ಆಸುಪಾಸಿಗೆ ಬಂದು, ಯೆನ್‌ನಲ್ಲಿ ಸಾಲ ಮಾಡಿದವರ ಹೊರೆ ಏರಿದ ಕಥೆ ನನಗೆ ಬಾಯಿಪಾಠವಾಗಿತ್ತು. ಕೊನೆಗೆ ಅವರ ಹಿರಿಯ ಪ್ರತಿನಿಧಿ ನಸುನಕ್ಕು ‘ಕೆಂತೋ ಶಿಮಸ್’ ಎಂದರು. ‘ಪರಿಶೀಲಿಸುತ್ತೇವೆ’ ಎಂದು ದುಭಾಷಿ ತಿಳಿಸಿದರು. ಇದು ಒಪ್ಪಿಗೆಯ ಮುನ್ಸೂಚನೆಯೆಂದೇ ಬಗೆದು ಕಡತದಲ್ಲಿ ಟಿಪ್ಪಣಿ ಬರೆದೆ. ಹಣ ಬರಲಿಲ್ಲ, ಬೇರೆ ಮೂಲ ಹುಡುಕುವಷ್ಟರಲ್ಲಿ ಒಂದು ವರ್ಷ ಕಳೆದುಹೋಯಿತು. ಜಪಾನಿ ವ್ಯವಹಾರದಲ್ಲಿ ಆ ಮಾತು ಎಷ್ಟೋ ವೇಳೆ ಮೃದುವಾದ ನಿರಾಕರಣೆಯೆಂದು ತಿಳಿದದ್ದು ಆಮೇಲೆ. ಹೆಣ್ಣು ನೋಡಲು ಬಂದವರು ‘ಊರಿಗೆ ಹೋಗಿ ತಿಳಿಸುತ್ತೇವೆ’ ಎಂದರೆ ಅದರ ಅರ್ಥ ನಮ್ಮಲ್ಲಿ ಯಾರಿಗೆ ತಿಳಿಯದು?

ಇಂಗ್ಲಿಷ್ ಸಾಲದೇ ಎಂಬ ಪ್ರಶ್ನೆ ಸಹಜ. ವಾರ್ಷಿಕ ವರದಿ ಓದಲು ಸಾಕು. ಆದರೆ ಸಾಲ, ಬೆಲೆ, ಕೂಲಿ ಇವೆಲ್ಲ ಅಂತಿಮವಾಗಿ ಮನುಷ್ಯರ ನಡುವಿನ ಒಪ್ಪಂದಗಳು. ಅವು ರೂಪುಗೊಳ್ಳುವುದು ಆಯಾ ನಾಡಿನ ಮಾತಿನಲ್ಲಿ. ಬ್ರಿಟನ್ನಿನ ಹಲವು ವಿಶ್ವವಿದ್ಯಾಲಯಗಳಲ್ಲಿ ಅರ್ಥಶಾಸ್ತ್ರ ಮತ್ತು ವಿದೇಶಿ ಭಾಷೆಯ ನಾಲ್ಕು ವರ್ಷಗಳ ಜಂಟಿ ಪದವಿಯಿದ್ದು, ವಿದ್ಯಾರ್ಥಿಗಳು ಸಾಮಾನ್ಯವಾಗಿ ಒಂದು ವರ್ಷವನ್ನು ಆ ಭಾಷೆಯ ನಾಡಿನಲ್ಲೇ ಕಳೆಯುತ್ತಾರೆ. ನಮ್ಮಲ್ಲಿ ವಿದೇಶಿ ಭಾಷೆಯೆಂದರೆ ಬಹುಮಟ್ಟಿಗೆ ಸಂಜೆಯ ಸರ್ಟಿಫಿಕೇಟ್ ಕೋರ್ಸು, ಇಲ್ಲವೇ ಅಂಕ ಗಳಿಸುವ ಉಪಾಯ. ಟೊಯೊಟಾ ಕಾರುಗಳು ಬಿಡದಿಯಲ್ಲಿ ತಯಾರಾಗುತ್ತಿರುವ, ಮೆಟ್ರೊ ರೈಲಿಗೆ ಜಪಾನಿನ ಸಾಲ ಪಡೆದಿರುವ ಈ ನಗರಕ್ಕೆ ಇದು ಶೋಭಿಸದು.

ತಂದೆಯ ಆತಂಕ ಆಧಾರವಿಲ್ಲದ್ದೇನಲ್ಲ. ಸಂಖ್ಯಾಶಾಸ್ತ್ರವಿಲ್ಲದ ಅರ್ಥಶಾಸ್ತ್ರ ಕುಂಟುತ್ತದೆ, ಅದನ್ನು ಬಿಡಬೇಕಾಗಿಲ್ಲ. ಭಾಷೆಯನ್ನೂ ಅದರ ಪಕ್ಕದಲ್ಲೇ ಕೂರಿಸಿ, ಮೂರನೆಯ ವರ್ಷಕ್ಕೆ ಆ ದೇಶದ ಪತ್ರಿಕೆಯ ವಾಣಿಜ್ಯ ಪುಟವನ್ನು ಮೂಲದಲ್ಲೇ ಓದಿಸುವಂತಾದರೆ ಸಾಕು.

ಇಷ್ಟೆಲ್ಲ ಹೇಳಿದ ಮೇಲೆ ಅವರು ‘ನೋಡೋಣ ಸಾರ್’ ಎಂದು ಎದ್ದರು. ಈ ಬಾರಿ ನಾನು ಮೋಸಹೋಗಲಿಲ್ಲ. ನಾಳೆ ಮತ್ತೊಮ್ಮೆ ಅವರ ಮನೆಗೆ ಹೋಗಿಬರಬೇಕು.