ಮೈಲುತುತ್ತ ಉಳಿಯದಿರಲಿ, ಸುಣ್ಣ ಉಳಿಯಲಿ



ಮಳೆ ಹಿಡಿಯಿತೆಂದರೆ ಮೈಸೂರು ನಗರದ ಅಂಚಿನ ವೀಳ್ಯದೆಲೆ ತೋಟಗಳಲ್ಲಿ ಬುಡಕೊಳೆಯ ಭಯ. ಅಡಿಕೆ ತೋಟದವರಿಗೆ ಕೊಳೆರೋಗದ ಚಿಂತೆ. ಎರಡಕ್ಕೂ ಹಳೆಯ ಮದ್ದು ಬೋರ್ಡೋ ದ್ರಾವಣ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಅಡಿಕೆ ಕೊಳೆರೋಗದ ಬಗ್ಗೆ 1910ರಲ್ಲೇ ವರದಿ ಪ್ರಕಟಿಸಿದ್ದರು. ಮದ್ದು ಹಳೆಯದಾದರೂ ಬೆರೆಸುವಲ್ಲಿ ತಪ್ಪಿದರೆ ಎಳೆ ಎಲೆ, ಹೀಚು ಸುಟ್ಟುಹೋಗುತ್ತವೆ.

ಇದೇಕೆ? ಮೂರು ನೇಗಿಲು, ನಾಲ್ಕು ಎತ್ತು ಇದ್ದರೆ ಹೊಲಕ್ಕಿಳಿಯುವುದು ಎರಡೇ ನೇಗಿಲು. ಮೂರನೆಯದು ಕೊಟ್ಟಿಗೆಯಲ್ಲೇ ಉಳಿಯುತ್ತದೆ. ಮೈಲುತುತ್ತ ಮತ್ತು ಸುಣ್ಣದ ನಂಟೂ ಹೀಗೆಯೇ. ಎರಡೂ ಕೂಡಿದಾಗ ತಾಮ್ರವು ತಿಳಿನೀಲಿ ಗಸಿಯಾಗುತ್ತದೆ. ರೋಗ ತಡೆಯುವುದು ಈ ಗಸಿಯೇ. ಸುಣ್ಣ ಸಾಲದೆ ಹೋದರೆ ಜೊತೆ ಸಿಗದ ತಾಮ್ರ ನೀರಿನಲ್ಲಿ ಕರಗಿಯೇ ಉಳಿದು ಎಲೆಯನ್ನು ಸುಡುತ್ತದೆ.

ಲೆಕ್ಕಕ್ಕೆ 1 ಕಿಲೋ ಮೈಲುತುತ್ತಕ್ಕೆ ಅಪ್ಪಟ ಸುಟ್ಟ ಸುಣ್ಣ ಸುಮಾರು 225 ಗ್ರಾಂ ಸಾಕು. ಆದರೂ 1 ಕಿಲೋ ಹಾಕಿ ಎನ್ನುವುದು ಸುಮ್ಮನೆ ಅಲ್ಲ. ಸುಣ್ಣದಲ್ಲಿ ಕಲ್ಲು, ಮಣ್ಣು ಇರುತ್ತದೆ. ಗಾಳಿಗೆ ತೆರೆದಿಟ್ಟ ಹಳೆಯ ಸುಣ್ಣವಂತೂ ಸತ್ತ್ವ ಕಳೆದುಕೊಂಡಿರುತ್ತದೆ. ತೂಕ ಸರಿಯಿದ್ದರೂ ಕೆಲಸಕ್ಕೆ ಸಾಲದು. ಉಳಿದ ಸುಣ್ಣದಿಂದ ಎಲೆಗೆ ಕೇಡಿಲ್ಲ. ಉಳಿದ ತಾಮ್ರದಿಂದ ಉಂಟು.

ಶೇಕಡಾ 1ರ ದ್ರಾವಣ ಮಾಡುವ ಕ್ರಮ: 1 ಕಿಲೋ ಮೈಲುತುತ್ತವನ್ನು ಪುಡಿ ಮಾಡಿ 50 ಲೀಟರ್ ನೀರಿನಲ್ಲಿ ಕರಗಿಸಿರಿ. ಬೇರೆ ಪಾತ್ರೆಯಲ್ಲಿ 1 ಕಿಲೋ ಹೊಸ ಸುಟ್ಟ ಸುಣ್ಣವನ್ನು ಅರಳಿಸಿ, ಆರಿದ ಮೇಲೆ ಸೋಸಿ 50 ಲೀಟರ್ ಮಾಡಿಕೊಳ್ಳಿರಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕೋಲಿನಿಂದ ಕಲಕಿರಿ. ಹೀಗೆ ಸುರಿದರೆ ಕೊನೆಯವರೆಗೂ ಸುಣ್ಣದ ಕೈಯೇ ಮೇಲಿರುತ್ತದೆ. ಮಣ್ಣಿನ, ಮರದ ಅಥವಾ ಪ್ಲಾಸ್ಟಿಕ್ ಪಾತ್ರೆಯೇ ಆಗಬೇಕು. ಕಬ್ಬಿಣ, ತಗಡಿನದು ಕೂಡದು.

ಕಡೆಗೆ ಕುಡುಗೋಲಿನ ಪರೀಕ್ಷೆ. ಉಜ್ಜಿ ಹೊಳಪು ಮಾಡಿದ ಕುಡುಗೋಲನ್ನು ಒಂದೆರಡು ನಿಮಿಷ ದ್ರಾವಣದಲ್ಲಿ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ತಾಮ್ರ ಉಳಿದಿದೆ ಎಂದರ್ಥ. ಇನ್ನಷ್ಟು ಸುಣ್ಣದ ತಿಳಿ ಬೆರೆಸಿ, ಕುಡುಗೋಲನ್ನು ಮತ್ತೆ ಉಜ್ಜಿ ಪರೀಕ್ಷಿಸಿರಿ. ಅಲಗು ಹೊಳೆಯುತ್ತಲೇ ಇದ್ದರೆ ಸಿಂಪಡಿಸಬಹುದು.

ದ್ರಾವಣವನ್ನು ಅಂದೇ ಮುಗಿಸಬೇಕು, ನಾಳೆಗೆ ಇಡಬೇಡಿರಿ. ಮಿಕ್ಕಿದ್ದನ್ನು ಕೆರೆ, ಬಾವಿಗೆ ಚೆಲ್ಲಬೇಡಿರಿ, ತಾಮ್ರ ಮೀನಿಗೆ ವಿಷ. ತೂಕದ ತಕ್ಕಡಿಯನ್ನು ನಂಬಿರಿ, ಆದರೆ ಕಡೆಯ ಮಾತನ್ನು ಕುಡುಗೋಲಿಗೆ ಬಿಡಿರಿ.