ಉಪ್ಪಿಗಾಗಿ ಕಾಡು ದಾಟಿ ಬರುವ ಆನೆ

ಗಂಡಾನೆಯೊಂದು ಮುಂಗಾಲು ಮಡಚಿ ಮಂಡಿಯೂರಿದೆ. ಸೊಂಡಿಲು ಬುಡದವರೆಗೂ ಕೆಸರುಗುಂಡಿಯೊಳಗೆ ಇಳಿದಿದೆ. ಗುಂಡಿಯ ನೀರು ಆಗಾಗ ಗುಳುಗುಳು ಎಂದು ಮೇಲೇಳುತ್ತದೆ. ನೀರಿನೊಳಗೆ ಆನೆ ಜೋರಾಗಿ ಊದುತ್ತಿದೆ. ಉಸಿರಿನ ರಭಸಕ್ಕೆ ತಳದ ಮರಳು ಮತ್ತು ಕೆಸರು ಬದಿಗೆ ಸರಿಯುತ್ತವೆ. ಕೆಳಗಿನಿಂದ ಒಸರುವ ಲವಣಭರಿತ ನೀರನ್ನು ಹೀರಿಕೊಂಡು ಸೊಂಡಿಲನ್ನು ಮೇಲೆತ್ತಿ ಬಾಯಿಗೆ ಸುರಿದುಕೊಳ್ಳುತ್ತದೆ. ಮತ್ತೆ ಊದುವುದು, ಮತ್ತೆ ಹೀರುವುದು. ಸ್ವಲ್ಪ ದೂರದಲ್ಲಿ ಹೆಣ್ಣಾನೆಯೊಂದು ಮರಿಯ ಜೊತೆ ಕಾದು ನಿಂತಿದೆ. ಒಳ್ಳೆಯ ಗುಂಡಿ ಯಾವತ್ತೂ ದೊಡ್ಡ ಗಂಡಿನ ಪಾಲು. ಅದು ಬಿಟ್ಟು ಹೋದ ಮೇಲೆಯೇ ಉಳಿದವರಿಗೆ ಅವಕಾಶ.

ಇದು ಜಾಂಗಾ ಬಾಯ್. ಮಧ್ಯ ಆಫ್ರಿಕಾ ಗಣರಾಜ್ಯದ ನೈಋತ್ಯ ತುದಿಯಲ್ಲಿ, ಕ್ಯಾಮರೂನ್ ಮತ್ತು ಕಾಂಗೊ ಗಣರಾಜ್ಯಗಳ ನಡುವೆ ಚಾಚಿಕೊಂಡಿರುವ ಮಳೆಕಾಡಿನ ಒಳಗಿದೆ. 1990ರಲ್ಲಿ ಈ ಕಾಡಿನ ಎರಡು ತುಂಡುಗಳನ್ನು ಜಾಂಗಾ-ಎನ್‌ಡೋಕಿ ರಾಷ್ಟ್ರೀಯ ಉದ್ಯಾನ ಎಂದು ಘೋಷಿಸಲಾಯಿತು. ಅದಕ್ಕೆ ಹೊಂದಿಕೊಂಡ ಕಾಡು ಜಾಂಗಾ-ಸಾಂಗಾ ವಿಶೇಷ ಮೀಸಲು ಅರಣ್ಯವಾಯಿತು. 2012ರಲ್ಲಿ ಗಡಿಯಾಚೆಗಿನ ಲೊಬೆಕೆ ಮತ್ತು ನುವಾಬಾಲೆ-ಎನ್‌ಡೋಕಿ ಉದ್ಯಾನಗಳ ಜೊತೆ ಸೇರಿ ಇದು ವಿಶ್ವ ಪರಂಪರೆಯ ಪಟ್ಟಿಗೂ ಬಂತು. ಮೂರು ದೇಶಗಳ ಈ ಕಾಡಿನ ವಿಸ್ತಾರ ಸುಮಾರು 7,500 ಚದರ ಕಿಲೋಮೀಟರ್.

ಇಲ್ಲಿಗೆ ಬರುವುದು ಸುಲಭವಲ್ಲ. ರಾಜಧಾನಿ ಬಾಂಗಿಯಿಂದ ಸುಮಾರು ಐನೂರು ಕಿಲೋಮೀಟರ್ ದೂರ, ಅದರಲ್ಲಿ ಬಹುಪಾಲು ಮಣ್ಣುರಸ್ತೆ. ಹಾಗಾಗಿ ಹಲವು ಪ್ರವಾಸಿಗರು ಸಣ್ಣ ವಿಮಾನದಲ್ಲಿ ಬಂದಿಳಿಯುತ್ತಾರೆ. ಸಾಂಗಾ ನದಿಯ ದಡದ ಬಯಾಂಗಾ ಎಂಬ ಊರೇ ಎಲ್ಲಕ್ಕೂ ನೆಲೆ. ಅಲ್ಲಿಂದ ಜೀಪು ಒಂದಷ್ಟು ದೂರ ಹೋಗುತ್ತದೆ, ಆಮೇಲೆ ನಡಿಗೆ. ಮುಂದೆ ಬಯಾಕಾ ಸಮುದಾಯದ ಜಾಡುಗಾರ, ಹಿಂದೆ ಅತಿಥಿಗಳು. ತೊಡೆಮಟ್ಟದ ತೊರೆಯಲ್ಲಿ ನೀರಿಗಿಳಿದೇ ನಡೆಯಬೇಕಾದ ಜಾಗವೂ ಇದೆ. ಅದೇ ತೊರೆಯಲ್ಲಿ ಆನೆಗಳೂ ಓಡಾಡುವುದರಿಂದ ಜಾಡುಗಾರ ಹೆಜ್ಜೆಹೆಜ್ಜೆಗೂ ನಿಂತು ಕಿವಿಗೊಡುತ್ತಾನೆ. ಮಳೆಕಾಡಿನಲ್ಲಿ ಕಣ್ಣು ಹತ್ತಿಪ್ಪತ್ತು ಮೀಟರಿನಾಚೆ ಹೋಗುವುದಿಲ್ಲ. ಮುರಿದ ಕಡ್ಡಿ, ಬಿಸಿಯಾರದ ಲದ್ದಿ, ಗಾಳಿಯಲ್ಲಿ ತೇಲಿಬಂದ ವಾಸನೆ, ಇಷ್ಟರಲ್ಲೇ ಆತ ಮುಂದಿರುವುದೇನೆಂದು ಹೇಳಬಲ್ಲ. ಈ ಕಾಡಿನ ಸಂಶೋಧನೆಯಲ್ಲಿ ಬಹುಪಾಲು ಇಂಥ ಜಾಡುಗಾರರ ಹೆಗಲ ಮೇಲೆಯೇ ನಿಂತಿದೆ. ಬಾಯ್ ಹೊಕು ಎಂಬಲ್ಲಿ ಗೊರಿಲ್ಲಾ ಗುಂಪುಗಳಿಗೆ ಮನುಷ್ಯರ ಇರವನ್ನು ರೂಢಿ ಮಾಡಿಸಿದ್ದು ಕೂಡ ಅವರೇ, ವರ್ಷಗಟ್ಟಲೆ ದಿನವೂ ಹಿಂಬಾಲಿಸಿ.

ನಡೆಯುವ ದಾರಿಯನ್ನು ಮಾಡಿದ್ದು ಮಾತ್ರ ಆನೆಗಳು. ಮಧ್ಯ ಆಫ್ರಿಕಾದ ಕಾಡಿನಲ್ಲಿ ಆನೆದಾರಿಗಳ ಜಾಲವೇ ಇದೆ. ತಲೆಮಾರುಗಳಿಂದ ತುಳಿದು ಗಟ್ಟಿಯಾದ, ಕೆಲವೆಡೆ ಜೀಪು ಹಿಡಿಸುವಷ್ಟು ಅಗಲದ ದಾರಿಗಳು. ಅವು ಮನಸ್ಸಿಗೆ ಬಂದಂತೆ ಸುತ್ತುವುದಿಲ್ಲ. ಹಣ್ಣಿನ ಮರಗಳಿಂದ ಹಣ್ಣಿನ ಮರಗಳಿಗೆ, ಕೊನೆಗೆ ಉಪ್ಪಿನ ಬಯಲಿಗೆ ಹೋಗಿ ಸೇರುತ್ತವೆ.

ಸುಮಾರು ಮುಕ್ಕಾಲು ಗಂಟೆಯ ನಡಿಗೆಯ ನಂತರ ಮರಗಳು ಒಮ್ಮೆಲೇ ಮುಗಿಯುತ್ತವೆ. ಎದುರಿಗೆ ಅರ್ಧ ಕಿಲೋಮೀಟರ್ ಉದ್ದದ ಬಯಲು, ನಡುವೆ ತೆಳ್ಳಗೆ ಹರಿಯುವ ತೊರೆ, ಹೊಳೆಯುವ ಮರಳು. ಕಾಡಿನ ಅಂಚಿನಲ್ಲಿ ಎತ್ತರಕ್ಕೆ ಕಟ್ಟಿದ ಮರದ ಅಟ್ಟಣಿಗೆಯಿಂದ ಎಲ್ಲವೂ ಕಾಣುತ್ತದೆ. ಕಾಡಿನ ನಡುವಿನ ಇಂಥ ಬಯಲನ್ನು ಅಲ್ಲಿಯವರು ‘ಬಾಯ್’ ಎನ್ನುತ್ತಾರೆ. ನಾಗರಹೊಳೆಯ ಹಡ್ಲುಗಳನ್ನು ಕಂಡವರಿಗೆ ಇದರ ಚಿತ್ರ ಬೇಗ ಮೂಡೀತು, ಆದರೆ ಹಡ್ಲಿಗೆ ಪ್ರಾಣಿಗಳನ್ನು ಸೆಳೆಯುವುದು ಮುಖ್ಯವಾಗಿ ಹುಲ್ಲು, ಇಲ್ಲಿ ನೆಲದಡಿಯ ಲವಣ. ದಿನವೊಂದಕ್ಕೆ ನಲವತ್ತರಿಂದ ನೂರು ಆನೆಗಳು ಬಂದುಹೋಗುವ ಬಯಲಿದು. ಕೆಂಗಂದು ಬಣ್ಣದ ಆಫ್ರಿಕನ್ ಕಾಡೆಮ್ಮೆಗಳು ಕೆಸರಿನಲ್ಲಿ ಮಲಗಿ ಮೆಲುಕು ಹಾಕುತ್ತಿರುತ್ತವೆ. ಮೈಮೇಲೆ ಬಿಳಿ ಪಟ್ಟೆಗಳಿರುವ ಬೊಂಗೊ ಜಿಂಕೆಗಳ ಗುಂಪು, ಜೌಗಿನ ಅಂಚಿನಲ್ಲಿ ಸಿಟಟುಂಗ, ದೈತ್ಯ ಕಾಡುಹಂದಿ, ಕೆಂಪು ಬಾಲದ ಬೂದುಗಿಳಿಗಳ ಹಿಂಡು. ದಟ್ಟ ಕಾಡಿನಲ್ಲಿ ದಿನವಿಡೀ ಅಲೆದರೂ ಸಿಗದ ಜೀವಗಳು ಇಲ್ಲಿ ಒಟ್ಟಿಗೇ ಕಾಣಸಿಗುತ್ತವೆ.

ಅಟ್ಟಣಿಗೆಯಲ್ಲಿ ಕೂತವರು ಮೊದಲು ಗಮನಿಸಬೇಕಾದದ್ದು ಆನೆಯ ಆಕಾರವನ್ನೇ. ಚಿತ್ರಗಳಲ್ಲಿ ಕಾಣುವ, ಕೀನ್ಯಾ ಮತ್ತು ಬೋಟ್ಸ್ವಾನಾಗಳ ಹುಲ್ಲುಗಾವಲಿನ ಆನೆ ಇದಲ್ಲ. ಭುಜದೆತ್ತರ ಸಾಮಾನ್ಯವಾಗಿ ಎರಡೂವರೆ ಮೀಟರಿನ ಆಸುಪಾಸು. ಕಿವಿ ದುಂಡಗೆ. ದಂತ ಮುಂದಕ್ಕೆ ಬಾಗದೆ ಹೆಚ್ಚುಕಡಿಮೆ ನೇರವಾಗಿ ನೆಲದತ್ತ ಇಳಿಯುತ್ತದೆ. ಬಳ್ಳಿ-ಪೊದೆಗಳ ನಡುವೆ ನುಸುಳಲು ಹೇಳಿ ಮಾಡಿಸಿದ ಮೈಕಟ್ಟು. 1900ರಲ್ಲೇ ಜರ್ಮನಿಯ ಪಾಲ್ ಮಾಟ್‌ಶಿ ಇದಕ್ಕೆ ಪ್ರತ್ಯೇಕ ಹೆಸರು ಕೊಟ್ಟಿದ್ದರೂ ಶತಮಾನದ ಕಾಲ ಇದನ್ನು ಆಫ್ರಿಕನ್ ಆನೆಯ ಉಪಜಾತಿ ಎಂದೇ ಎಣಿಸಲಾಗುತ್ತಿತ್ತು. 2001 ಮತ್ತು 2010ರ ಡಿಎನ್‌ಎ ಅಧ್ಯಯನಗಳು ಆ ಲೆಕ್ಕವನ್ನು ಬದಲಿಸಿದವು. ಕಾಡಾನೆ ಮತ್ತು ಹುಲ್ಲುಗಾವಲಿನ ಆನೆಯ ವಂಶಗಳು ಲಕ್ಷಾಂತರ ವರ್ಷಗಳ ಹಿಂದೆಯೇ ಬೇರೆಯಾಗಿವೆ, ಏಷ್ಯಾದ ಆನೆ ಮತ್ತು ಮ್ಯಾಮತ್ ಬೇರೆಯಾದಷ್ಟೇ ಹಿಂದೆ. 2021ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಇವೆರಡನ್ನೂ ಮೊದಲ ಬಾರಿಗೆ ಪ್ರತ್ಯೇಕವಾಗಿ ತೂಗಿ ನೋಡಿತು, ಕಾಡಾನೆಯನ್ನು ‘ತೀವ್ರ ಅಪಾಯದಲ್ಲಿರುವ’ ಜೀವಿಗಳ ಪಟ್ಟಿಗೆ ಸೇರಿಸಿತು.

ಸರಿ, ಅಷ್ಟು ದೂರದಿಂದ ಉಪ್ಪಿಗಾಗಿ ಬರಬೇಕೇಕೆ? ಮಳೆಕಾಡು ಹಸಿರಾಗಿ ಕಂಡರೂ ಅಲ್ಲಿಯ ಮಣ್ಣು ಬಡವು. ವರ್ಷವಿಡೀ ಸುರಿಯುವ ಮಳೆ ಸೋಡಿಯಮ್ಮಿನಂಥ ಕರಗುವ ಲವಣಗಳನ್ನು ತೊಳೆದುಕೊಂಡು ಹೋಗಿರುತ್ತದೆ. ಹೀಗಾಗಿ ಎಲೆ, ತೊಗಟೆ, ಹಣ್ಣುಗಳಲ್ಲೂ ಸೋಡಿಯಂ ಕಡಿಮೆ. ಸಸ್ಯಾಹಾರಿಗೆ ನರ, ಸ್ನಾಯು, ಜೀರ್ಣಕ್ರಿಯೆ ಎಲ್ಲಕ್ಕೂ ಅದು ಬೇಕೇಬೇಕು. ಕೆಲವು ಬಾಯ್‌ಗಳ ಅಡಿಯಲ್ಲಿ ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಸಂಗ್ರಹವಿದೆ. ಆನೆಗಳು ಅಗೆದು, ತುಳಿದು, ಊದಿ ಅದನ್ನು ಮೇಲಕ್ಕೆ ತರುತ್ತವೆ. ಅವು ತುಳಿಯುವುದನ್ನು ನಿಲ್ಲಿಸಿದರೆ ಸುತ್ತಲಿನ ಕಾಡು ಬಯಲನ್ನು ಮೆಲ್ಲಗೆ ನುಂಗತೊಡಗುತ್ತದೆ. ಕಾಡೆಮ್ಮೆ, ಬೊಂಗೊ, ಗಿಳಿಗಳು ಬರುವುದು ಆನೆ ತೆರೆದಿಟ್ಟ ಬಾಗಿಲಿನಿಂದ.

ಲವಣದಷ್ಟೇ ಮುಖ್ಯವಾದ ಇನ್ನೊಂದು ಕೆಲಸವೂ ಇಲ್ಲಿ ನಡೆಯುತ್ತದೆ: ನೆಂಟರ ಭೇಟಿ. ಕಾಡಿನೊಳಗೆ ಈ ಆನೆಗಳು ಚಿಕ್ಕ ಚಿಕ್ಕ ಗುಂಪುಗಳಲ್ಲಿ ಓಡಾಡುತ್ತವೆ. ಬಹುಪಾಲು ತಾಯಿ, ಅವಳ ಒಂದೆರಡು ಮರಿಗಳು, ಅಷ್ಟೇ. ಬಯಲಿನಲ್ಲಿ ಹಳೆಯ ಪರಿಚಯಗಳು ಹೊಸದಾಗುತ್ತವೆ, ಗಂಡು-ಹೆಣ್ಣು ಎದುರಾಗುತ್ತವೆ, ಎಳೆಯ ಗಂಡುಗಳು ದಂತ ತಾಗಿಸಿ ಬಲ ಪರೀಕ್ಷಿಸುತ್ತವೆ. ಅಮೆರಿಕದ ಆಂಡ್ರಿಯಾ ಟರ್ಕಾಲೊ 1990ರಿಂದ ಎರಡು ದಶಕಕ್ಕೂ ಮೀರಿ ಈ ಅಟ್ಟಣಿಗೆಯಲ್ಲಿ ಕೂತು ನೋಡಿದ್ದು ಇದನ್ನೇ. ಕಿವಿಯಂಚಿನ ಹರಕು, ತೂತು, ದಂತದ ಬಾಗು, ಬಾಲದ ತುದಿಯ ಕೂದಲು ಇವುಗಳಿಂದ ಪ್ರತಿ ಆನೆಯನ್ನೂ ಗುರುತಿಸಿ ಹೆಸರಿಟ್ಟರು. ಹೀಗೆ ದಾಖಲಾದ ಆನೆಗಳ ಸಂಖ್ಯೆ ಮೂರು ಸಾವಿರ ದಾಟಿತು. ಕಾಡಿನಲ್ಲಿ ಮಸುಕಾಗಿ ಮರೆಯಾಗುವ ಪ್ರಾಣಿಯೊಂದರ ವಂಶಾವಳಿಯನ್ನು ಇಷ್ಟು ದೀರ್ಘಕಾಲ ಬರೆದಿಟ್ಟ ಕೆಲಸಕ್ಕೆ ಸಾಟಿ ಅಪರೂಪ. ಕಾಡಾನೆಯ ಬದುಕಿನ ಬಗ್ಗೆ ಇಂದು ಖಚಿತವಾಗಿ ಗೊತ್ತಿರುವುದರಲ್ಲಿ ದೊಡ್ಡ ಭಾಗ ಆ ಪುಟಗಳಿಂದಲೇ ಬಂದದ್ದು.

ಅಟ್ಟಣಿಗೆಗೆ ಬಂದವರಿಗೆ ಘೀಳು, ಕೆಸರಿನ ಸದ್ದು, ಹೊಟ್ಟೆಯೊಳಗಿನಿಂದ ಬಂದಂಥ ಗುಡುಗುಡು ಕೇಳಿಸುತ್ತದೆ. ಕೇಳದೇ ಹೋಗುವುದು ಅದಕ್ಕಿಂತ ಹೆಚ್ಚು. ಆನೆಯ ಗುಡುಗಿನ ಮೂಲಸ್ವರ ಎಷ್ಟೋ ಸಲ ಸೆಕೆಂಡಿಗೆ 20 ಕಂಪನಗಳಿಗಿಂತ ಕೆಳಗಿರುತ್ತದೆ. ಮನುಷ್ಯನ ಕಿವಿಯ ಮಿತಿ ಅಲ್ಲಿಗೆ ಮುಗಿಯುತ್ತದೆ. 1984ರಲ್ಲಿ ತಿಮಿಂಗಿಲಗಳ ಹಾಡನ್ನು ಅಧ್ಯಯನ ಮಾಡುತ್ತಿದ್ದ ಕೇಟಿ ಪೇನ್ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಬಳಿ ನಿಂತಾಗ ಗಾಳಿಯಲ್ಲಿ ಒಂದು ಮಿಡಿತವನ್ನು ಮೈಯಲ್ಲಿ ಅನುಭವಿಸಿದರು. ಧ್ವನಿಮುದ್ರಿಸಿ ನೋಡಿದಾಗ ಆನೆಗಳು ಕೇಳಿಸದ ಸ್ವರದಲ್ಲಿ ಮಾತಾಡುತ್ತಿದ್ದುದು ಗೊತ್ತಾಯಿತು. ಮಳೆಕಾಡಿಗೆ ಇಂಥ ಸ್ವರ ಎಷ್ಟು ಒಗ್ಗುತ್ತದೆ ಎಂಬುದನ್ನು ಸರಳ ಲೆಕ್ಕ ತೋರಿಸುತ್ತದೆ. ಸೆಕೆಂಡಿಗೆ 20 ಕಂಪನದ ಶಬ್ದದ ಒಂದು ಅಲೆಯ ಉದ್ದ ಸುಮಾರು 17 ಮೀಟರ್. ಅಷ್ಟುದ್ದದ ಅಲೆಗೆ ಎಲೆ, ಬಳ್ಳಿ, ಮರದ ಕಾಂಡ ಯಾವುದೂ ದೊಡ್ಡ ಅಡ್ಡಿಯಲ್ಲ. ಕಣ್ಣಿಗೆ ಕಾಣದಷ್ಟು ದೂರದಲ್ಲಿರುವ ತಾಯಿಗೂ ಮಗಳಿಗೂ ನಡುವೆ ಮಾತು ಹರಿಯುತ್ತಿರುತ್ತದೆ.

ಬಯಲಿನಿಂದ ಹೊರಟ ಆನೆ ಹೊಟ್ಟೆಯಲ್ಲಿ ಕಾಡನ್ನೇ ಹೊತ್ತು ಹೋಗುತ್ತದೆ. ಗಡಿಯಾಚೆಯ ಎನ್‌ಡೋಕಿ ಕಾಡಿನಲ್ಲಿ ಸ್ಟೀವನ್ ಬ್ಲೇಕ್ ಮತ್ತು ಜೊತೆಗಾರರು ಲದ್ದಿ ಬಿಡಿಸಿ ನೋಡಿದಾಗ 96 ಜಾತಿಯ ಸಸ್ಯಗಳ ಬೀಜ ಸಿಕ್ಕವು. ಕೆಲವು ಬೀಜಗಳು ತಾಯಿಮರದಿಂದ 57 ಕಿಲೋಮೀಟರಿನಷ್ಟು ದೂರ ಹೋಗಬಲ್ಲವು ಎಂದು ಅವರ 2009ರ ಅಂದಾಜು ಹೇಳಿತು. ದೊಡ್ಡ ಬೀಜದ ಕೆಲವು ಮರಗಳಿಗೆ ಇಷ್ಟು ದೂರದ ಸವಾರಿ ಕೊಡಬಲ್ಲ ಬೇರೆ ಪ್ರಾಣಿಯೇ ಇಲ್ಲ. ಇದರ ಜೊತೆಗೆ ಆನೆ ಎಳೆಯ, ಬೇಗ ಬೆಳೆಯುವ, ಮೆದು ಮರಗಳನ್ನು ತಿಂದು ಮುರಿಯುತ್ತದೆ. ಉಳಿದ ಜಾಗ ಮತ್ತು ಬೆಳಕು ನಿಧಾನವಾಗಿ ಬಲಿಯುವ ಗಟ್ಟಿ ಮರಗಳ ಪಾಲಾಗುತ್ತದೆ, ಅವು ತಮ್ಮೊಳಗೆ ಹೆಚ್ಚು ಇಂಗಾಲ ಹಿಡಿದಿಡುತ್ತವೆ. ಕಾಡಾನೆ ಪೂರ್ತಿ ಇಲ್ಲವಾದರೆ ಮಧ್ಯ ಆಫ್ರಿಕಾದ ಮಳೆಕಾಡಿನ ನೆಲದ ಮೇಲಿನ ಇಂಗಾಲ ಸಂಗ್ರಹ ಶೇ. 7ರಷ್ಟು ಕುಗ್ಗಬಹುದೆಂದು 2019ರ ಒಂದು ಅಧ್ಯಯನ ಲೆಕ್ಕ ಹಾಕಿದೆ.

ಇಷ್ಟೆಲ್ಲ ಮಾಡುವ ಪ್ರಾಣಿ ಹೆರುವುದು ಮಾತ್ರ ತೀರಾ ನಿಧಾನ. ಟರ್ಕಾಲೊ ದಾಖಲೆಗಳ ಪ್ರಕಾರ ಹೆಣ್ಣು ಕಾಡಾನೆ ಮೊದಲ ಮರಿ ಹಾಕುವಾಗ ಸರಾಸರಿ ಇಪ್ಪತ್ತಮೂರು ವರ್ಷದವಳು. ಹುಲ್ಲುಗಾವಲಿನ ಆನೆ ಅದಕ್ಕಿಂತ ಸುಮಾರು ಹತ್ತು ವರ್ಷ ಮೊದಲೇ ತಾಯಾಗಿರುತ್ತದೆ. ಮುಂದಿನ ಮರಿಗೆ ಮತ್ತೆ ಐದಾರು ವರ್ಷ. ಹೀಗಾಗಿ ಬೇಟೆಯ ಕಾಟವೇ ಇಲ್ಲದಿದ್ದರೂ ಸಂಖ್ಯೆ ಇಮ್ಮಡಿಯಾಗಲು ಸುಮಾರು 60 ವರ್ಷ ಬೇಕು. ಇತ್ತ 2002ರಿಂದ 2011ರವರೆಗಿನ ಒಂದೇ ದಶಕದಲ್ಲಿ ಮಧ್ಯ ಆಫ್ರಿಕಾದ ಕಾಡಾನೆಗಳಲ್ಲಿ ಶೇ. 62ರಷ್ಟು ಇಲ್ಲವಾಗಿದ್ದವು, ದಂತಕ್ಕಾಗಿ. ಇದರ ದಂತ ಗಟ್ಟಿ, ಒತ್ತಾದದ್ದು. ಜಪಾನಿನ ಶಾಮಿಸೆನ್ ವಾದ್ಯ ಮೀಟುವ ಫಲಕಕ್ಕೂ ಅದೇ ಬೇಕೆಂಬ ಬೇಡಿಕೆ ಇತ್ತು.

ಜಾಂಗಾ ಬಾಯ್‌ಗೆ ಆ ಸಾವು 2013ರ ಮೇ 6ರಂದು ಬಂತು. ಆ ಮಾರ್ಚಿನಲ್ಲಿ ಸೆಲೆಕಾ ಬಂಡುಕೋರರು ರಾಜಧಾನಿ ವಶಪಡಿಸಿಕೊಂಡಿದ್ದರು, ದೇಶದಲ್ಲಿ ಆಡಳಿತವೇ ಇರಲಿಲ್ಲ, ಟರ್ಕಾಲೊ ಕೂಡ ಬಯಾಂಗಾ ಬಿಟ್ಟು ಹೋಗಬೇಕಾಗಿತ್ತು. ಹದಿನೇಳು ಮಂದಿ ಶಸ್ತ್ರಧಾರಿಗಳು ಬಯಲಿಗೆ ನುಗ್ಗಿದರು. ಸಂಶೋಧಕರು ಆನೆಗಳನ್ನು ಎಣಿಸುತ್ತಿದ್ದ ಅದೇ ಅಟ್ಟಣಿಗೆಯಿಂದ ಗುಂಡು ಹಾರಿಸಿದರು. ಕನಿಷ್ಠ 26 ಆನೆಗಳು ಸತ್ತವು, ಅವುಗಳಲ್ಲಿ ನಾಲ್ಕು ಮರಿಗಳು. ಉಳಿದವು ಬಯಲು ತೊರೆದವು. ಲವಣದ ಸೆಳೆತ ಎಷ್ಟೆಂದರೆ ಕೆಲ ತಿಂಗಳಲ್ಲಿ ಮತ್ತೆ ಬರತೊಡಗಿದವು. ಆದರೆ ಆ ಮೇ ತಿಂಗಳಲ್ಲಿ ಹುಟ್ಟಿ ಬದುಕುಳಿದ ಹೆಣ್ಣುಮರಿ ಇದ್ದರೂ ಅದು ತಾಯಾಗುವುದು 2036ರ ಸುಮಾರಿಗೆ.

ಗಸ್ತಿನವರು ಎಲ್ಲೆಡೆ ಇರಲಾರರು, ಕಿವಿಗಳನ್ನು ಇಡಬಹುದು. ಕೇಟಿ ಪೇನ್ 1999ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ ಆನೆ-ಆಲಿಕೆ ಯೋಜನೆ ಮಧ್ಯ ಆಫ್ರಿಕಾದ ಕಾಡುಗಳಲ್ಲಿ ಮರದ ಎತ್ತರದ ಕೊಂಬೆಗಳಿಗೆ ಧ್ವನಿಮುದ್ರಕಗಳನ್ನು ಕಟ್ಟಿದೆ. ತಿಂಗಳುಗಟ್ಟಲೆಯ ಸದ್ದನ್ನು ಕಂಪ್ಯೂಟರ್ ಜರಡಿ ಹಿಡಿದು ಆನೆಯ ಗುಡುಗನ್ನೂ ಬಂದೂಕಿನ ಸದ್ದನ್ನೂ ಆರಿಸಿ ಕೊಡುತ್ತದೆ. ಹಗಲು ಅಟ್ಟಣಿಗೆಯಲ್ಲಿ ಕೂತವರಿಗೆ ಕಂಡದ್ದು ಅರ್ಧ ಕಥೆ ಎಂಬುದು ಇದರಿಂದ ತಿಳಿಯಿತು. ಕತ್ತಲಾದ ಮೇಲೂ ಬಾಯ್‌ಗಳು ಆನೆಗಳಿಂದ ತುಂಬಿರುತ್ತವೆ, ಬೇಟೆಯ ಭಯವಿರುವ ಕಡೆ ರಾತ್ರಿಯ ಓಡಾಟವೇ ಹೆಚ್ಚು. ಗುಂಡಿನ ಸದ್ದು ಯಾವ ಹೊತ್ತಿಗೆ, ಯಾವ ದಿಕ್ಕಿನಿಂದ ಬರುತ್ತದೆ ಎಂಬ ಮಾಹಿತಿ ಗಸ್ತು ತಂಡಗಳ ಕೈ ಸೇರುತ್ತದೆ. ಎಲ್ಲಿ, ಯಾವಾಗ ಕಾವಲು ಹಾಕಬೇಕು ಎಂಬ ಲೆಕ್ಕಾಚಾರದಲ್ಲಿ ಈಗ ಅದೂ ಸೇರಿದೆ.